ತಲೆಯ ಹತ್ತಿರದ ಸ್ಟೂಲು

ಮೊನ್ನೆ ಒಂದು ಮದುವೆಮನೆಯಲ್ಲಿ ಮೊದಲ ಪಂಕ್ತಿ ಏಳುವುದನ್ನೇ ಕಾಯುತ್ತ ಕುಳಿತಿದ್ದೆ. ಪಕ್ಕದ ಕುರ್ಚಿಯಲ್ಲಿ ಪರಿಚಯವಿಲ್ಲದ ಹಿರಿಯರೊಬ್ಬರಿದ್ದರು. ಇದ್ದಕ್ಕಿದ್ದಂತೆ ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದರು. "ತಪ್ಪು ತಿಳ್ಕೋಬೇಡಿ, ಆಗಿಂದ ನೋಡ್ತಾ ಇದ್ದೀನಿ, ನಿಮ್ಮ ಕಾಲು ನಿಲ್ತಾನೇ ಇಲ್ಲ," ಎಂದರು. ಛತ್ರದವರು ಕುರ್ಚಿಗಳನ್ನು ಒಂದಕ್ಕೊಂದು ಸೇರಿಸಿ ಹಗ್ಗದಲ್ಲಿ ಕಟ್ಟಿದ್ದರು. ತಲೆಯೆತ್ತಿ ನೋಡಿದರೆ ನಮ್ಮ ಸಾಲಿನಲ್ಲಿದ್ದ ರೇಷ್ಮೆ ಸೀರೆ, ಮೈಸೂರು ಪೇಟ, ತೊಡೆಯ ಮೇಲಿನ ಮಗು ಎಲ್ಲವೂ ಒಂದೇ ತಾಳಕ್ಕೆ ಸಣ್ಣಗೆ ಅಲುಗುತ್ತಿದ್ದವು. ಅವರ್‍ಯಾರೂ ಕುಣಿಯುತ್ತಿರಲಿಲ್ಲ. ನಾನು ಅವರನ್ನು ಕುಣಿಸುತ್ತಿದ್ದೆ.

ಈ ನನ್ನ ಕಾಲಿನ ಚರಿತ್ರೆ ದೊಡ್ಡದು. ಚಿಕ್ಕಂದಿನಲ್ಲಿ ಅಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು, "ಕಾಲು ಅಲ್ಲಾಡಿಸ್ಬೇಡ್ವೋ, ಮನೇಲಿ ಲಕ್ಷ್ಮಿ ನಿಲ್ಲಲ್ಲ," ಎಂದು ಗದರಿಸುತ್ತಿದ್ದಳು. ಲಕ್ಷ್ಮಿ ನಮ್ಮ ಮನೆಯಲ್ಲಿ ಯಾವತ್ತೂ ನಿಂತವಳಲ್ಲ, ಆದರೆ ಅದಕ್ಕೆ ನನ್ನ ಕಾಲೊಂದೇ ಕಾರಣ ಎನ್ನುವುದು ಅನ್ಯಾಯ. ನಾವಿದ್ದದ್ದು ಭದ್ರಾವತಿಯಲ್ಲಿ, ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪನಿಗೆ ಕುಲುಮೆಯ ಹತ್ತಿರ ಕೆಲಸ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗಿದರೆಂದರೆ ಇಡೀ ಮನೆ ಪಿಸುಮಾತಿಗೆ ಇಳಿಯುತ್ತಿತ್ತು. ಲೋಟ ಕೆಳಗಿಡುವುದಕ್ಕೂ ಅಮ್ಮ ಕೆಳಗೊಂದು ಬಟ್ಟೆ ಹಾಕುತ್ತಿದ್ದಳು. ಅಂಥ ಮನೆಯಲ್ಲಿ ನನ್ನಂಥವನಿಗೆ ಜಾಗವೆಲ್ಲಿ? "ಹೋಗು ಮಾರಾಯ, ಎಲ್ಲಾದ್ರೂ ಸುತ್ತಾಡ್ಕೊಂಡು ಬಾ," ಎಂದು ಅವಳೇ ಹೊರಗೆ ನೂಕುತ್ತಿದ್ದಳು. ನಾನು ಕ್ವಾರ್ಟರ್ಸಿನ ಒಂದೊಂದು ಸಾಲನ್ನೂ ಸುತ್ತಿ, ತಮಿಳರ ಮನೆಯಲ್ಲಿ ಇಡ್ಲಿ, ತೆಲುಗರ ಮನೆಯಲ್ಲಿ ಉಪ್ಪಿನಕಾಯಿ ತಿಂದು, ಮಧ್ಯಾಹ್ನದ ಸೈರನ್ ಕೂಗಿದ ಮೇಲೆ ಮನೆಗೆ ಬರುತ್ತಿದ್ದೆ. ಒಂದೆಡೆ ಕೂರದ ಮಗನನ್ನು ಅಮ್ಮನೇ ತಯಾರು ಮಾಡಿ, ಆಮೇಲೆ ಅವಳೇ ಬೈದಳು.

ಅಪ್ಪನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಯಂತ್ರಗಳ ಸದ್ದಿನಲ್ಲಿ ವರ್ಷಗಟ್ಟಲೆ ಕೂಗಿ ಕೂಗಿ ಅವರಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿತ್ತು. ಗುಟ್ಟು ಹೇಳುತ್ತೇನೆಂದು ಹತ್ತಿರ ಕರೆದು ಅವರು ಹೇಳಿದ್ದು ಮೂರು ಮನೆಯಾಚೆಗೂ ಕೇಳುತ್ತಿತ್ತು. ಹೀಗಾಗಿ ನನಗೆ ಮೆಡಿಕಲ್ ಸೀಟು ಸಿಕ್ಕಿದ್ದು ಕ್ವಾರ್ಟರ್ಸಿಗೆಲ್ಲ ಒಂದೇ ಗಳಿಗೆಯಲ್ಲಿ ತಿಳಿಯಿತು. ಅದರ ಜೊತೆಗೆ ಅವರು ಇನ್ನೊಂದನ್ನೂ ಸಾರಿಬಿಟ್ಟರು. "ನನ್ನ ಮಗ ಬರೀ ಮಾತ್ರೆ ಬರ್‍ಕೊಡೋ ಡಾಕ್ಟ್ರಲ್ಲ. ಆಪರೇಷನ್ ಮಾಡೋ ಡಾಕ್ಟ್ರು!" ಆಗಿನ್ನೂ ನಾನು ಮೊದಲ ವರ್ಷದ ಪುಸ್ತಕವನ್ನೂ ಕೊಂಡಿರಲಿಲ್ಲ.

ಎಂಬಿಬಿಎಸ್ ಎನ್ನುವುದು ಮುಗಿದ ಮೇಲೆ ಏನೂ ಮುಗಿದಿಲ್ಲ ಎಂದು ತಿಳಿಸುವ ಓದು. ಅದು ಮುಗಿದ ದಿನದಿಂದ ಊರಿನವರ ಪ್ರಶ್ನೆ ಬದಲಾಗುತ್ತದೆ. "ಮುಂದೆ ಏನು?" ತೊಂಬತ್ತರ ದಶಕದ ಕೊನೆಯ ಆ ದಿನಗಳಲ್ಲಿ ನಾನೂ ಎಲ್ಲರಂತೆ ಬೆಂಗಳೂರಿಗೆ ಹೋಗಿ ಎಂಟ್ರೆನ್ಸ್ ಬರೆದೆ. ಸರ್ಜರಿ ಬೇಕಿತ್ತು, ನನ್ನ ರ್‍ಯಾಂಕಿಗೆ ಅದು ಸಿಗಲಿಲ್ಲ. ಸುಮ್ಮನೆ ಮನೆಯಲ್ಲಿ ಕೂರುವುದಂತೂ ನನ್ನಿಂದಾಗದ ಕೆಲಸ. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ, ಕೆಲಸ ಮಾಡುತ್ತಲೇ ಕಲಿತು ಮೇಲಿನ ಪರೀಕ್ಷೆ ಬರೆಯುವ ಏರ್ಪಾಡಿತ್ತು. ಅಲ್ಲಿ ಖಾಲಿ ಇದ್ದದ್ದು ಒಂದೇ ವಿಭಾಗದ ಜಾಗ: ಅರಿವಳಿಕೆ, ಎಂದರೆ ಅನಸ್ತೀಶಿಯಾ. ಒಂದು ವರ್ಷ ಹೇಗೋ ತಳ್ಳಿ, ಮತ್ತೆ ಎಂಟ್ರೆನ್ಸ್ ಬರೆದು ಸರ್ಜರಿಗೆ ಹಾರುವುದು ಎಂದುಕೊಂಡು ಸೇರಿದೆ.

ಆಗ ಆ ವಿಭಾಗವನ್ನು ಕೇಳಿ ಆರಿಸಿಕೊಂಡವರನ್ನು ನಾನು ನೋಡಿರಲಿಲ್ಲ. ಜನರಿಗೆ ಅದೊಂದು ವೈದ್ಯಕೀಯವೆಂದೇ ತಿಳಿದಿರಲಿಲ್ಲ. "ಮತ್ತು ಬರ್‍ಸೋ ಡಾಕ್ಟ್ರು" ಎನ್ನುತ್ತಿದ್ದರು, ಅದೂ ಮರ್ಯಾದೆಯಿದ್ದವರು. ಅಮ್ಮ ನಮ್ಮೂರಿನ ಹೊಸಮನೆ ಬಡಾವಣೆಯ ಒಂದು ಸಂಬಂಧ ವಿಚಾರಿಸಿದಾಗ ಹುಡುಗಿಯ ಸೋದರಮಾವ ಬಹಳ ವಿನಯದಿಂದ ನನ್ನನ್ನು ಕೇಳಿದರು, "ಇಂಜೆಕ್ಷನ್ ಕೊಟ್ಟಾದ್ಮೇಲೆ ನಿಮಗೆ ಅಲ್ಲಿ ಬೇರೆ ಕೆಲಸ ಏನಿರುತ್ತೆ?" ಆಮೇಲೆ ಅಲ್ಲಿಯೇ ಕೂತಿರುತ್ತೇನೆ ಎಂದೆ. ಅವರು ತಲೆಯಾಡಿಸಿ ಚಕ್ಕುಲಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಆ ಸಂಬಂಧ ಮುಂದುವರಿಯಲಿಲ್ಲ. ಚಕ್ಕುಲಿ ಚೆನ್ನಾಗಿತ್ತು.

ತಮಾಷೆ ನೋಡಿ, ಅವರಿಗೆ ನಾನು ಹೇಳಿದ್ದು ಅಪ್ಪಟ ನಿಜ. ಆ ಕೆಲಸದಲ್ಲಿ ಕೂತಿರಬೇಕು. ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ನು, ಸಿಸ್ಟರು, ಆಯಾ ಎಲ್ಲರೂ ನಿಂತಿರುತ್ತಾರೆ, ಓಡಾಡುತ್ತಿರುತ್ತಾರೆ. ರೋಗಿಯ ತಲೆಯ ಹತ್ತಿರ ಒಂದು ಕಬ್ಬಿಣದ ಸ್ಟೂಲು ಇರುತ್ತದೆ, ಅದರ ಮೇಲೆ ಒಬ್ಬ ಕೂತಿರುತ್ತಾನೆ. ಎಡಗೈಯಲ್ಲಿ ರೋಗಿಯ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು, ಬಲಗೈಯಲ್ಲಿ ಕಪ್ಪು ರಬ್ಬರಿನ ಚೀಲವನ್ನು ಒತ್ತುತ್ತ, ಬಿಡುತ್ತ, ಒತ್ತುತ್ತ ಇರಬೇಕು. ರೋಗಿ ಉಸಿರಾಡುವುದು ಆ ಚೀಲದಿಂದ. ಎಡಗೈಯ ಕಿರುಬೆರಳು ದವಡೆಯ ಕೆಳಗಿನ ನಾಡಿಯ ಮೇಲೆ ಇರಬೇಕು. ಬೆರಳಿಗೆ ಸಿಕ್ಕಿಸಿ ಲೆಕ್ಕ ತೋರಿಸುವ ಯಂತ್ರ ನಮ್ಮಲ್ಲಿ ಒಂದೇ ಒಂದಿತ್ತು, ಅದೂ ಆಗಾಗ ಮುನಿಸಿಕೊಳ್ಳುತ್ತಿತ್ತು. ಆದ್ದರಿಂದ ಕಿರುಬೆರಳನ್ನೇ ನಂಬಬೇಕು. ಒಂದೆಡೆ ಕೂರಲಾರದೆ ಬೆಳೆದ ನನ್ನನ್ನು ಹುಡುಕಿ ಹುಡುಕಿ ಆ ಸ್ಟೂಲಿಗೆ ತಂದು ಕೂರಿಸಿದ್ದರು.

ಸೇರಿದ ಹೊಸತರಲ್ಲೇ ಒಂದು ಪ್ರಸಂಗ ನಡೆಯಿತು. ನಮ್ಮ ಸರ್ಜನ್ ಪಾಟೀಲ್ ಸರ್ ಒಂದು ಸೂಕ್ಷ್ಮ ಹೊಲಿಗೆ ಹಾಕುತ್ತಿದ್ದರು. ಇದ್ದಕ್ಕಿದ್ದಂತೆ ಸೂಜಿ ನಿಲ್ಲಿಸಿ ತಲೆಯೆತ್ತಿದರು. "ಭೂಮಿ ನಡುಗ್ತಾ ಇದೆಯೇನ್ರೀ?" ಸಿಸ್ಟರು ಛಾವಣಿಯ ದೀಪವನ್ನು ನೋಡಿದರು. ಆಯಾ ದೇವರನ್ನು ನೆನೆದಳು. ಅವರು ಮತ್ತೆ ಸೂಜಿಯಿಟ್ಟರು, ಮತ್ತೆ ನಡುಗಿತು. "ಯಾರ್‍ರೀ ಅದು ಟೇಬಲ್ ಅಲ್ಲಾಡಿಸ್ತಿರೋದು?" ಎಂದು ಗುಡುಗಿದರು. ನನ್ನ ಮೊಣಕಾಲು ಟೇಬಲ್ಲಿನ ಕಂಬಕ್ಕೆ ತಾಗಿಕೊಂಡು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಅದು ನನ್ನದೆಂದು ನನಗೇ ತಿಳಿದದ್ದು ಎಲ್ಲರೂ ನನ್ನ ಕಡೆ ತಿರುಗಿದ ಮೇಲೆ.

ನನ್ನನ್ನು ಹೊರಗೆ ಹಾಕಬೇಕಿದ್ದ ಸರೋಜಾ ಮೇಡಂ ನಕ್ಕುಬಿಟ್ಟರು. ಅವರು ಅರಿವಳಿಕೆ ವಿಭಾಗದ ಮುಖ್ಯಸ್ಥೆ, ನನ್ನ ಗುರು. ಸಣ್ಣ ಆಕೃತಿ, ಸಣ್ಣ ದನಿ. ಗಂಟೆಗಟ್ಟಲೆ ಅಲುಗಾಡದೆ ಕೂರಬಲ್ಲ ಮನುಷ್ಯರಿದ್ದಾರೆ ಎಂದು ನನಗೆ ಗೊತ್ತಾದದ್ದು ಅವರನ್ನು ನೋಡಿ. "ಸ್ಟೂಲು ಒಂದು ಮೊಳ ಹಿಂದಕ್ಕೆ ಹಾಕ್ಕೋ ಮಾರಾಯ," ಎಂದರು. "ಕಾಲು ಎಷ್ಟು ಬೇಕಾದ್ರೂ ಕುಣಿಸು. ಕಿರುಬೆರಳು ಮಾತ್ರ ಕುಣಿಬಾರದು."

ಅವರದ್ದೊಂದು ಪದ್ಧತಿಯಿತ್ತು. ರೋಗಿಯನ್ನು ಟೇಬಲ್ಲಿನ ಮೇಲೆ ಮಲಗಿಸಿದೊಡನೆ ಹಣೆಯ ಮೇಲೆ ಅಂಗೈಯಿಟ್ಟು ಮಾತಿಗಿಳಿಯುವುದು. ಯಾವ ಊರು, ಮನೆಯಲ್ಲಿ ಯಾರ್‍ಯಾರಿದ್ದಾರೆ, ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ. ಅತ್ತ ಪಾಟೀಲ್ ಸರ್ ಕೈತೊಳೆದು ನಿಂತು ಗಡಿಯಾರ ನೋಡುತ್ತಿದ್ದರೂ ಮೇಡಂ ಎಮ್ಮೆಯನ್ನು ಬಿಡುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಕೇಳಿಯೂಬಿಟ್ಟೆ, "ಮೇಡಂ, ಇದೆಲ್ಲ ಯಾಕೆ? ಹೇಗಿದ್ರೂ ಇನ್ನೆರಡು ನಿಮಿಷಕ್ಕೆ ಅವರಿಗೆ ಎಚ್ಚರ ಇರಲ್ಲ."

"ಅದಕ್ಕೇ," ಎಂದರು ಮೇಡಂ. ನನಗೆ ಆಗ ಅದು ಉತ್ತರವೆಂದೂ ಅನ್ನಿಸಲಿಲ್ಲ.

ನನ್ನ ವಾಸ ವಿನೋಬನಗರದಲ್ಲಿ, ಒಂದು ಮನೆಯ ಮಹಡಿ ಕೋಣೆಯಲ್ಲಿ. ಸರ್ಜರಿಯ ದಪ್ಪ ಪುಸ್ತಕವನ್ನು ಎದೆಗೊತ್ತಿ ಹಿಡಿದು ತಾರಸಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತ ಓದುತ್ತಿದ್ದೆ. ಒಣಹಾಕಿದ ಹಪ್ಪಳಗಳನ್ನು ತುಳಿದ ಮೇಲೆ ಮನೆಯ ಯಜಮಾನಿ ನನಗೆಂದೇ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದುಕೊಟ್ಟರು. ತಾರಸಿಯೂ ಸಾಲದಾದರೆ ಆಲ್ಕೊಳ ಸರ್ಕಲ್ಲಿನವರೆಗೆ ನಡೆದು, ಗಾಡಿಯವನ ಬಳಿ ಮಂಡಕ್ಕಿ ಮೆಣಸಿನಕಾಯಿ ತಿಂದು, ಬಾಯುರಿ ಆರುವವರೆಗೆ ಮತ್ತೆ ನಡೆಯುತ್ತಿದ್ದೆ. ಥಿಯೇಟರಿನಲ್ಲಿ ಕೂತಾಗ ಓದಿಗೆ ಮನಸ್ಸು ಹಾರುತ್ತಿತ್ತು. ಓದಲು ಹೊರಟರೆ ಥಿಯೇಟರಿನ ಕರೆ ಬರುತ್ತಿತ್ತು. ಭದ್ರಾವತಿಯ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರ ನಿಂತೇ ಹೋಗುತ್ತಿದ್ದೆ. "ಸಾರ್, ಒಳಗೆ ಬನ್ನಿ, ಬಿದ್ರೆ ನಮ್ಮ ತಲೆಗೆ ಬರುತ್ತೆ," ಎಂದು ಕಂಡಕ್ಟರು ಬೈಯುವುದು ಮಾಮೂಲಾಗಿತ್ತು.

ನಗಬೇಡಿ, ಈ ಧಾವಂತಕ್ಕೆ ಒಂದು ಕಾರಣವೂ ಇತ್ತು. ಅಪ್ಪನಿಗೆ ಹರ್ನಿಯಾ ಆಗಿತ್ತು.

ಎಷ್ಟು ದಿನದಿಂದ ಇತ್ತೋ, ಅವರು ಹೇಳಿರಲಿಲ್ಲ. ಒಮ್ಮೆ ಊರಿಗೆ ಹೋದಾಗ ಅವರು ಕೆಮ್ಮುವಾಗಲೆಲ್ಲ ತೊಡೆಸಂದಿಗೆ ಕೈಯೊತ್ತಿ ಹಿಡಿಯುವುದನ್ನು ಕಂಡೆ. ಬಲವಂತವಾಗಿ ಮಲಗಿಸಿ ನೋಡಿದೆ. ನಿಂತರೆ ನಿಂಬೆಹಣ್ಣಿನ ಗಾತ್ರದ ಉಬ್ಬು, ಮಲಗಿದರೆ ಒಳಗೆ. ಸಣ್ಣ ಆಪರೇಷನ್ನು. ಆದರೆ ಬಿಟ್ಟರೆ ಯಾವತ್ತಾದರೂ ಕರುಳು ಅಲ್ಲಿ ಸಿಕ್ಕಿಕೊಳ್ಳಬಹುದು, ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಇದನ್ನೆಲ್ಲ ಬಿಡಿಸಿ ಹೇಳಿದೆ. ಅಪ್ಪ ಶಾಂತವಾಗಿ ಕೇಳಿ ಲುಂಗಿ ಬಿಗಿದುಕೊಂಡರು.

"ಮಾಡಿಸ್ಕೊಳ್ಳೋಣ. ನೀನು ಸರ್ಜನ್ ಆಗು, ನಿನ್ನ ಕೈಯಲ್ಲೇ ಮಾಡಿಸ್ಕೊತೀನಿ."

"ಅಪ್ಪಾ, ಅದಕ್ಕಿನ್ನೂ ಸೀಟೇ ಸಿಕ್ಕಿಲ್ಲ. ಸಿಕ್ಕಿದ್ಮೇಲೆ ಮೂರು ವರ್ಷ. ಅಲ್ಲಿವರೆಗೆ ಇದು ಕಾಯಲ್ಲ."

"ಕಾಯದೆ ಏನು ಮಾಡುತ್ತೆ? ಬೆಲ್ಟ್ ಹಾಕ್ಕೊಂಡಿದ್ದೀನಲ್ಲ. ಮನೇಲಿ ಡಾಕ್ಟ್ರನ್ನ ಇಟ್ಕೊಂಡು ಯಾರ್‍ಯಾರ ಕೈಲೋ ಕೊಯ್ಸ್ಕೊಳ್ಳೋಕೆ ನಾನೇನು ದಿಕ್ಕಿಲ್ಲದವನಾ?"

ಸರ್ಜನ್ನುಗಳೂ ಸ್ವಂತ ಅಪ್ಪನಿಗೆ ಚಾಕು ಹಾಕುವುದಿಲ್ಲ ಎಂದೆ. ಅವರು ನಂಬಲಿಲ್ಲ. "ನಮ್ಮ ಸೈಕಲ್ ನಾವೇ ರಿಪೇರಿ ಮಾಡ್ಕೊಳಲ್ವಾ?" ಎಂದರು. ಅಮ್ಮ ಅತ್ತಳು, ನಾನು ಕೂಗಾಡಿದೆ. ಕೂಗಾಟದಲ್ಲಿ ಅವರನ್ನು ಗೆಲ್ಲುವುದು ಹೇಗೆ? ಎದುರು ಮನೆಯ ಸೆಲ್ವರಾಜಣ್ಣ ಗೇಟಿನ ಹತ್ತಿರ ಬಂದು, "ಎನ್ನ ತಂಬಿ, ಏನು ಗಲಾಟೆ?" ಎಂದು ವಿಚಾರಿಸುವವರೆಗೆ ಹೋಯಿತು. ಸೆಲ್ವರಾಜಣ್ಣ ಅಪ್ಪನ ಪಾಳಿಯವರೇ, ಅಪ್ಪನ ಅತ್ಯಂತ ಹಳೆಯ ಗೆಳೆಯ; ಅವರ ಬಾಯಲ್ಲಿ ಅಪ್ಪ ಅಣ್ಣ, ನಾನು ತಂಬಿ. "ಏನಿಲ್ಲ ಸೆಲ್ವ, ಮಗ ಸರ್ಜರಿ ವಿಷಯ ಹೇಳ್ತಾ ಇದ್ದ," ಎಂದರು ಅಪ್ಪ. ನಾನು ಓದುತ್ತಿರುವುದು ಬೇರೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕ್ವಾರ್ಟರ್ಸಿನವರಿಗೆ ಮಾತ್ರ ಅವರು ಅದನ್ನು ಹೇಳುತ್ತಿರಲಿಲ್ಲ. ಸೆಲ್ವರಾಜಣ್ಣ ಸಂತೋಷಪಟ್ಟು, ತಮಗೂ ಅಂಥದ್ದೇ ಒಂದು ಉಬ್ಬು ಇದೆಯೆಂದೂ, ತಂಬಿ ಸರ್ಜನ್ ಆದ ಮೇಲೆ ಮೊದಲು ಅಣ್ಣನದು, ಆಮೇಲೆ ತಮ್ಮದು ಎಂದೂ ತಿಳಿಸಿ ಹೋದರು. ಹೀಗೆ ಸೀಟು ಸಿಗುವ ಮೊದಲೇ ನನ್ನ ಹತ್ತಿರ ಸರದಿ ಶುರುವಾಗಿತ್ತು.

ಅಂದಿನಿಂದ ಆಸ್ಪತ್ರೆಯ ಫೋನು ಬಡಿದುಕೊಂಡಾಗಲೆಲ್ಲ ಭದ್ರಾವತಿಯಿಂದಲೇ ಇರಬೇಕೆಂದು ನಾನೇ ಓಡಿ ಎತ್ತುತ್ತಿದ್ದೆ. ಬೇಗ ಸೀಟು ಸಿಗಬೇಕು, ಬೇಗ ಓದಬೇಕು, ಅಥವಾ ಅಪ್ಪನಿಗೆ ಬುದ್ಧಿ ಬರಬೇಕು. ಮೂರನೆಯದು ಕೈಲಾಗದ್ದೆಂದು ಮೊದಲೆರಡರ ಹಿಂದೆ ಬಿದ್ದೆ. ಸರೋಜಾ ಮೇಡಂಗೂ ಇದು ತಿಳಿದಿತ್ತು. ಒಂದು ದಿನ ಕಾಫಿ ಕುಡಿಯುವಾಗ ಅವರೇ ಎತ್ತಿದರು. "ಎಂಟ್ರೆನ್ಸ್ ಬರೀತೀಯಂತೆ. ಬರಿ. ಯಾರು ಬೇಡ ಅಂದ್ರು? ಹೋಗೋ ದಿನ ನಾನೇ ಬಸ್ ಹತ್ತಿಸ್ತೀನಿ. ಆದ್ರೆ ಅಲ್ಲಿವರೆಗೆ, ಆ ಸ್ಟೂಲ್ ಮೇಲೆ ಕೂತಾಗ ಪೂರ್ತಿ ಅಲ್ಲೇ ಇರು. ಅರ್ಧ ಮನುಷ್ಯನ್ನ ನಂಬ್ಕೊಂಡು ಯಾರೂ ಮಲಗಲ್ಲ." ನನಗೆ ಸಿಟ್ಟು ಬಂತು. ನನ್ನ ಅವಸರ ಇವರಿಗೇನು ಗೊತ್ತು ಎಂದುಕೊಂಡೆ.

ಎಂಟ್ರೆನ್ಸ್ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಆಸ್ಪತ್ರೆಯ ಬಾಗಿಲಿಗೆ ಕ್ವಾರ್ಟರ್ಸಿನ ಯಾರದೋ ಓಮ್ನಿ ವ್ಯಾನು ಬಂದು ನಿಂತಿತು. ಸೆಲ್ವರಾಜಣ್ಣ ಇಳಿದರು, ಅಮ್ಮ ಇಳಿದಳು, ಹಿಂದಿನ ಸೀಟಿನಲ್ಲಿ ಅಪ್ಪ ಮುದುರಿಕೊಂಡು ಮಲಗಿದ್ದರು. ನೀರಿನ ಡ್ರಮ್ಮು ಸರಿಸಲು ಹೋಗಿದ್ದರಂತೆ. ಉಬ್ಬು ಒಳಗೆ ಹೋಗುತ್ತಿರಲಿಲ್ಲ. ಯಾವತ್ತೂ ಬೀದಿಗೆಲ್ಲ ಕೇಳುವಂತೆ ಮಾತಾಡುವ ಮನುಷ್ಯ ನನ್ನ ಕಿವಿಗೆ ಮಾತ್ರ ಕೇಳುವಂತೆ, "ಬಂದ್ಬಿಟ್ಟೆ ಕಣೋ," ಎಂದರು. ಆ ಮೆಲುದನಿ ಕೇಳಿದ್ದೇ ನಾನು ಪಾಟೀಲ್ ಸರ್ ಅವರನ್ನು ಕರೆಯಲು ಓಡಿದೆ.

ಪಾಟೀಲ್ ಸರ್ ಬಂದು, ಅಪ್ಪನ ಕಾಲು ಮಡಿಸಿ, ಬಹಳ ಹೊತ್ತು ತಾಳ್ಮೆಯಿಂದ ಒತ್ತಿ ಒತ್ತಿ ಅದನ್ನು ಒಳಗೆ ಸೇರಿಸಿದರು. ಆ ಮುಂಗೋಪಿಗೆ ಅಷ್ಟು ತಾಳ್ಮೆಯಿದೆ ಎಂದು ನನಗೆ ಗೊತ್ತಿರಲಿಲ್ಲ. ಬೆವರೊರೆಸಿಕೊಂಡು, "ಈ ಸಲ ಬಚಾವ್. ಇನ್ನೊಂದ್ಸಲ ಸಿಕ್ಕೊಂಡ್ರೆ ನನ್ನ ಕೇಳ್ಬೇಡಿ. ನಾಳೆ ಬೆಳಿಗ್ಗೆ ಆಪರೇಷನ್," ಎಂದರು. ಅಪ್ಪ ನನ್ನ ಮುಖ ನೋಡಿದರು. ನಾನು ಮಾಡುತ್ತೇನೆಯೇ ಎಂದು ಆ ಕಣ್ಣು ಕೇಳುತ್ತಿತ್ತು. ಇಲ್ಲವೆಂದು ತಲೆಯಾಡಿಸಿದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಜೀವಮಾನದಲ್ಲಿ ಅವರಿಗೆ ಅಷ್ಟು ನೋವು ಕೊಟ್ಟದ್ದು ನಾನೇ ಎನ್ನಿಸಿ, ಆ ಸಂಜೆಯೆಲ್ಲ ಆಸ್ಪತ್ರೆಯ ಕಾಂಪೌಂಡು ಸುತ್ತಿದೆ.

ಬೆಳಿಗ್ಗೆ ಮೇಡಂ ನನ್ನನ್ನು ಬದಿಗೆ ಕರೆದರು. ಮನೆಯವರಿಗೆ ನಾವು ಅರಿವಳಿಕೆ ಕೊಡುವ ಹಾಗಿಲ್ಲ, ಇದು ನಮ್ಮಲ್ಲಿನ ಕಟ್ಟುಪಾಡು. "ಬೆನ್ನಿನ ಸೂಜಿ ನಾನು ಹಾಕ್ತೀನಿ. ಕೆಳಗಿನ ಭಾಗ ಮರಗಟ್ಟುತ್ತೆ, ಅವರಿಗೆ ಎಚ್ಚರ ಇರುತ್ತೆ. ನೀನು ಹೊರಗೆ ಅಮ್ಮನ ಹತ್ರ ಕೂತಿರ್ತೀಯೋ, ತಲೆ ಹತ್ರ ಕೂತ್ಕೊತೀಯೋ?" ಹೊರಗಿನ ಬೆಂಚು ನೆನಪಾಯಿತು. ಅಲ್ಲಿ ಕೂರಿಸಿದರೆ ನಾನು ಶಿವಮೊಗ್ಗದಿಂದ ಭದ್ರಾವತಿಗೆ ನಡೆದೇ ಹೋಗಿಬಿಟ್ಟೇನು. ತಲೆಯ ಹತ್ತಿರ ಎಂದೆ.

ಸೂಜಿ ಹಾಕಿಯಾಯಿತು. ಅಪ್ಪನ ಎದೆಯ ಮೇಲೆ ಅಡ್ಡವಾಗಿ ಹಸಿರು ಪರದೆ ಏರಿತು. ಪರದೆಯ ಆಚೆ ಪಾಟೀಲ್ ಸರ್, ದೀಪ, ಕತ್ತರಿ ಎಲ್ಲ. ಈಚೆ ಅಪ್ಪನ ತಲೆ, ಸ್ಟೂಲು ಮತ್ತು ನಾನು. ಮೇಡಂ ನನ್ನ ಹಿಂದೆ ಗೋಡೆಗೊರಗಿ ನಿಂತಿದ್ದರು. ಅಪ್ಪನ ಹಣೆಯ ಮೇಲೆ ಕೈಯಿಟ್ಟೆ. ಬುದ್ಧಿ ಬಂದ ಮೇಲೆ ನಾನು ಅವರ ಹಣೆ ಮುಟ್ಟಿರಲಿಲ್ಲ. ಇನ್ನು ಮಾತು ಶುರು ಮಾಡಬೇಕು. ಏನು ಕೇಳಲಿ? ಯಾವ ಊರು, ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಅಪ್ಪನನ್ನು ಕೇಳುವುದು ಹೇಗೆ? ನನ್ನ ಪೇಚಾಟ ನೋಡಿ ಅಪ್ಪನೇ ಕೇಳಿದರು.

"ತಿಂಡಿ ತಿಂದ್ಯಾ?"

"ತಿಂದೆ."

"ಏನು ತಿಂದೆ?"

"ಇಡ್ಲಿ."

"ಸುಳ್ಳು ಹೇಳ್ಬೇಡ. ನಿನ್ನ ಕಣ್ಣು ನೋಡಿದ್ರೆ ಗೊತ್ತಾಗುತ್ತೆ," ಎಂದರು. ಆಮೇಲೆ, "ಯಾವಾಗ ಶುರು ಮಾಡ್ತಾರೆ?" ಎಂದರು.

"ಆಗಲೇ ಶುರುವಾಗಿದೆ ಅಪ್ಪಾ. ಕಾಲು ಗಂಟೆ ಆಯ್ತು."

ಅವರು ಬೆಚ್ಚಿದರು. ಕಣ್ಣು ಕೆಳಗೆ ಹೊರಳಿಸಿದರೆ ಪರದೆ ಬಿಟ್ಟು ಏನೂ ಕಾಣದು. "ಮತ್ತೆ ನೀನು? ನೀನು ಯಾವಾಗ ಶುರು ಮಾಡ್ತೀಯ?"

"ನಾನೂ ಮಾಡ್ತಾ ಇದ್ದೀನಿ."

"ಏನು ಮಾಡ್ತಾ ಇದ್ದೀಯ?"

"ಇದೇ," ಎಂದೆ. ಹೊಸಮನೆಯ ಸೋದರಮಾವನಿಗೆ ಕೊಟ್ಟ ಉತ್ತರಕ್ಕಿಂತ ಇದೇನೂ ಉತ್ತಮವಾಗಿರಲಿಲ್ಲ. ಅಪ್ಪ ನಿಟ್ಟುಸಿರುಬಿಟ್ಟು ಕುಲುಮೆಯ ಯಾವುದೋ ಹಳೆಯ ಕಥೆ ತೆಗೆದರು. ಹೇಳುತ್ತಿದ್ದವರು ಮಧ್ಯದಲ್ಲಿ ಆಕಳಿಸಿದರು.

ಬೆನ್ನಿಗೆ ಸೂಜಿ ಹಾಕಿದವರು ಆಕಳಿಸಿದರೆ ಅದು ನಿದ್ದೆಯದೇ ಎಂದು ನಂಬಬೇಡ ಎಂದು ಮೇಡಂ ಮೊದಲ ವಾರವೇ ಹೇಳಿದ್ದರು. ರಕ್ತದೊತ್ತಡ ಬೀಳುವಾಗ ಮನುಷ್ಯ ಮೊದಲು ಆಕಳಿಸುತ್ತಾನೆ. ನನ್ನ ಕಿರುಬೆರಳು ಆಗಲೇ ದವಡೆಯ ಕೆಳಗಿತ್ತು. ನಾಡಿ ದಾರದಂತೆ ತೆಳ್ಳಗಾಗಿತ್ತು. ಅಪ್ಪನ ತುಟಿ ಬಿಳುಚಿಕೊಂಡಿತು, ಹಣೆಯ ಮೇಲೆ ತಣ್ಣನೆಯ ಬೆವರು. "ಒಂಥರಾ ಆಗ್ತಿದೆ ಕಣೋ... ಕೆಳಗೆ ಇಳೀತಾ ಇದ್ದೀನಿ..." ಎಂದವರ ಮಾತು ತೊದಲಿತು. ಡ್ರಿಪ್ಪನ್ನು ಪೂರ್ತಿ ಬಿಟ್ಟೆ. ಒತ್ತಡ ಏರಿಸುವ ಔಷಧ ತುಂಬಿಟ್ಟಿದ್ದ ಸಿರಿಂಜು ಕೈಗೆ ಬಂತು. ಮನೆಯವರಿಗೆ ಕೊಡಬಾರದೆಂಬ ಕಟ್ಟುಪಾಡು ನೆನಪಾಗಿ ಒಂದು ಕ್ಷಣ ತಡೆದು ಹಿಂದೆ ನೋಡಿದೆ. ಮೇಡಂ ಗೋಡೆ ಬಿಟ್ಟು ಮುಂದೆ ಬಂದಿದ್ದರು. ಅವರು ಕೈಚಾಚಲಿಲ್ಲ. "ನೀನೇ ಕೊಡು," ಎಂದರು.

ಕೊಟ್ಟೆ. ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಬೆರಳಿಟ್ಟುಕೊಂಡು ಕಾಯಬೇಕು. "ಅಪ್ಪಾ, ನಾನಿದ್ದೀನಿ. ಉಸಿರು ತಗೊಳ್ಳಿ. ಇನ್ನೊಂದು," ಎನ್ನುತ್ತ ಕೂತಿದ್ದೆ. ಅಷ್ಟು ಉದ್ದನೆಯ ನಿಮಿಷವನ್ನು ನಾನು ಕಂಡಿರಲಿಲ್ಲ. ನನ್ನ ಜೀವವೆಲ್ಲ ಒಂದು ಕಿರುಬೆರಳಿನ ತುದಿಯಲ್ಲಿತ್ತು. ನಿಧಾನಕ್ಕೆ ಅಲ್ಲಿ ಒಂದು ಬಡಿತ ಗಟ್ಟಿಯಾಯಿತು, ಅದರ ಹಿಂದೆ ಇನ್ನೊಂದು. ತುಟಿಗೆ ಬಣ್ಣ ಬಂತು. ಅಪ್ಪ ಕಣ್ಣುಬಿಟ್ಟು ನೇರ ಮೇಲೆ ನೋಡಿದರು, ಅಲ್ಲಿ ತಲೆಕೆಳಗಾಗಿ ನನ್ನ ಮುಖವಿತ್ತು. ಅಳು ಬರುತ್ತಿತ್ತು, ಮಾಸ್ಕ್ ಇದ್ದದ್ದರಿಂದ ಮಾನ ಉಳಿಯಿತು.

ಪರದೆಯ ಆಚೆ ಪಾಟೀಲ್ ಸರ್ ಕೊನೆಯ ಹೊಲಿಗೆ ಹಾಕುತ್ತ ಸಿಸ್ಟರ ಹತ್ತಿರ ಕ್ರಿಕೆಟ್ಟಿನ ಸ್ಕೋರು ಕೇಳುತ್ತಿದ್ದರು. ಈಚೆ ಏನಾಯಿತೆಂದು ಅವರಿಗೆ ತಿಳಿಯಲೇ ಇಲ್ಲ. ತಿಳಿಯದಿರುವುದೇ ಸರಿ. ಮೇಡಂ ನನ್ನ ಹೆಗಲು ಮುಟ್ಟಿ ಕಾಫಿಗೆ ಹೋದರು.

ಮುಂದಿನ ವಾರದ ಕೊನೆಗೆ ಬೆಂಗಳೂರಿನಲ್ಲಿ ಎಂಟ್ರೆನ್ಸ್. ಹಿಂದಿನ ದಿನವೇ ಹೊರಡಬೇಕೆಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು, ದಾರಿಯಲ್ಲಿ ಅಪ್ಪನ ಹೊಲಿಗೆ ನೋಡಿಕೊಂಡು ಹೋಗೋಣವೆಂದು ಭದ್ರಾವತಿಯಲ್ಲಿ ಇಳಿದೆ. ಗಾಯ ಚೆನ್ನಾಗಿ ಮಾಗುತ್ತಿತ್ತು. ಅಪ್ಪ ಆ ದಿನದ ಬಗ್ಗೆ ನನ್ನ ಹತ್ತಿರ ಏನೂ ಮಾತಾಡಲಿಲ್ಲ. ಬೆಂಗಳೂರಿಗೆ ಹೊರಟಿದ್ದೇನೆ ಎಂದಾಗಲೂ, "ಹ್ಞೂಂ, ಹುಷಾರು," ಎಂದಷ್ಟೇ ಅಂದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತರು. ಇನ್ನೂ ನನ್ನ ಮೇಲೆ ಬೇಸರ ಹೋಗಿಲ್ಲ ಎಂದುಕೊಂಡೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಅಮ್ಮ ಬುತ್ತಿ ಕಟ್ಟುವವರೆಗೆ ನಡುಮನೆಯಲ್ಲಿ ಶತಪಥ ಹಾಕುತ್ತಿದ್ದೆ. ಆಗ ಹೊರಗೆ ಸೆಲ್ವರಾಜಣ್ಣನ ದನಿ ಕೇಳಿತು.

"ಹೇಗಿದೆ ಅಣ್ಣ ಈಗ? ತಂಬಿನೇ ಮಾಡಿದ್ನಾ ಆಪರೇಷನ್ನು?"

ನಾನು ನಿಂತೆ. ಹೌದು ಎನ್ನುತ್ತಾರೆ ಎಂದುಕೊಂಡೆ. ಇಷ್ಟು ವರ್ಷ ಕ್ವಾರ್ಟರ್ಸಿಗೆಲ್ಲ ಹೇಳಿಕೊಂಡು ಬಂದದ್ದನ್ನು ಈಗ ಹೇಗೆ ಬಿಟ್ಟಾರು? ಹೌದು ಎಂದುಬಿಡಲಿ, ನಾನೇನೂ ಹೊರಗೆ ಹೋಗಿ ಇಲ್ಲವೆನ್ನುವುದಿಲ್ಲ.

"ಕೊಯ್ದವರು ಅಲ್ಲಿನ ದೊಡ್ಡ ಡಾಕ್ಟ್ರು ಮಾರಾಯ," ಎಂದರು ಅಪ್ಪ, ಎಂದಿನ ತಮ್ಮ ದನಿಯಲ್ಲಿ. "ಪರದೆ ಆಚೆ ಇದ್ರು. ಕೊಯ್ಯೋವಾಗ ಅವರ ಮುಖಾನೂ ಕಾಣ್ಲಿಲ್ಲ."

"ಮತ್ತೆ ತಂಬಿ?"

"ಇವನು ನನ್ನ ತಲೆ ಹತ್ರ ಇದ್ದ."

"ಸುಮ್ನೆ ಇದ್ದನಾ?"

ಅಡುಗೆಮನೆಯಲ್ಲಿ ಅಮ್ಮನ ಕೈಯೂ ನಿಂತಿತ್ತು.

"ಹೋಗ್ಬಿಟ್ಟಿದ್ದೆ ಸೆಲ್ವ. ಅವರು ಹೊಟ್ಟೆ ಹೊಲೀತಾ ಇದ್ರು, ನಾನು ಈ ಕಡೆಯಿಂದ ಹೊರಟೇಬಿಟ್ಟಿದ್ದೆ. ಯಾರಿಗೂ ಗೊತ್ತಾಗ್ಲಿಲ್ಲ. ಇವನಿಗೆ ಗೊತ್ತಾಯ್ತು. ಕರ್‍ಕೊಂಡ್ ಬಂದ." ಆಮೇಲೆ ಹೇಳಿದರು, "ನಿಂದೂ ಮಾಡಿಸ್ಕೊ ಮಾರಾಯ. ಯಾರಾದ್ರೂ ಕೊಯ್ಲಿ. ತಲೆ ಹತ್ರ ಇವನಿರ್ತಾನಾ ಅಂತ ಮಾತ್ರ ಕೇಳ್ಕೊ."

ಮೂರು ಮನೆಯಾಚೆಗೂ ಕೇಳಿರಬೇಕು. ನಾನು ಚೀಲ ಬಿಚ್ಚಿ, ಮಡಿಸಿಟ್ಟ ಅಂಗಿಗಳನ್ನು ಒಂದೊಂದಾಗಿ ತೆಗೆದು ಗೋಡೆಯ ಗೂಟಕ್ಕೆ ಹಾಕಿದೆ. ಬುತ್ತಿ ಹಿಡಿದುಕೊಂಡು ಬಂದ ಅಮ್ಮ ಅದನ್ನು ನೋಡಿ, ಒಳಗೆ ಹೋಗಿ ಊಟಕ್ಕೆ ತಟ್ಟೆ ಇಟ್ಟಳು.